ಹರಳಿನೊಳಗಿನ ಎರಡು ನೀರು

ಪುಣೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಎಲ್ಲರಿಗೂ ಮಾವಶಿ. ಮರಾಠಿಯಲ್ಲಿ ಮಾವಶಿ ಎಂದರೆ ಚಿಗವ್ವ, ಅವ್ವನ ತಂಗಿ. ಆದರೆ ಇಲ್ಲಿ ಗಾಜಿನ ಸಾಮಾನು ತೊಳೆಯುವವಳು, ಬೆಂಚು ಒರೆಸುವವಳು, ಸಾಹೇಬರಿಗೆ ಚಹಾ ತರುವವಳು ಯಾರಿದ್ದರೂ ಮಾವಶಿಯೇ. ಹನ್ನೆರಡು ವರ್ಷದಿಂದ ಇದೇ ಕೆಲಸ. ವರ್ಷ ವರ್ಷ ಕಾಂಟ್ರ್ಯಾಕ್ಟ್ ಕಾಗದಕ್ಕೆ ಸಹಿ ಹಾಕಬೇಕು, ಅವರು ಬೇಡ ಎಂದರೆ ಮಾರನೆಯ ದಿನದಿಂದ ಮನೆ. ಒಂದೇ ಒಂದು ವಿಷಯದಲ್ಲಿ ನಾನು ಉಳಿದ ಮಾವಶಿಯರಂತಲ್ಲ. ತಕ್ಕಡಿಯ ಕೋಣೆಯ ಕೀಲಿ ನನ್ನ ಸೊಂಟದಲ್ಲಿತ್ತು. ಪ್ರಾಕ್ಟಿಕಲ್‌ಗೆ ಬೇಕಾದ ದ್ರಾವಣಗಳನ್ನೆಲ್ಲ ತೂಗಿ, ಕರಗಿಸಿ, ಬಾಟಲಿಗೆ ತುಂಬುತ್ತಿದ್ದವಳು ನಾನು. ಮೊದಲ ಹನ್ನೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಹೀಗೆ ಹೇಳಿಕೊಳ್ಳುವಾಗ ಎದೆ ಉಬ್ಬುತ್ತಿತ್ತು ಎನ್ನುವುದನ್ನು ಯಾಕೆ ಮುಚ್ಚಿಡಲಿ?

ನನ್ನದು ವಿಜಯಪುರದ ಕಡೆ. ಪಿಯುಸಿ ಸೈನ್ಸ್ ಓದಿದೆ. ಗಣಿತ ಕೈ ಕೊಟ್ಟಿತು, ಕೆಮಿಸ್ಟ್ರಿಯೊಂದು ಪಾಸಾಯಿತು. ಇನ್ನೊಮ್ಮೆ ಪರೀಕ್ಷೆಗೆ ಕೂರುತ್ತೇನೆ ಎನ್ನುವಷ್ಟರಲ್ಲಿ ಮದುವೆಯಾಗಿ ಪುಣೆಗೆ ಬಂದೆ. ಗಂಡ ಪುಸ್ತಕದ ಬೈಂಡಿಂಗ್ ಕೆಲಸದವರು. ಸದಾಶಿವ ಪೇಠದ ಹಳೆಯ ವಾಡೆಯೊಂದರ ಹಿಂದುಗಡೆ ನಮ್ಮದು ಒಂದೂವರೆ ಕೋಣೆ. ಮಕ್ಕಳಾಗಲಿಲ್ಲ. ಐದಾರು ವರ್ಷದ ಹಿಂದೆ ಅವರು ತೀರಿಕೊಂಡರು. ಅದಾದ ಮೇಲೆ ಎಷ್ಟೋ ತಿಂಗಳು ನಾನು ಕುಕ್ಕರಿಗೆ ಇಬ್ಬರ ಅಕ್ಕಿಯನ್ನೇ ಹಾಕುತ್ತಿದ್ದೆ. ಬೇಕಂತಲೇ ಅಲ್ಲ. ಕೈಗೆ ಅಳತೆ ಗೊತ್ತಿತ್ತು, ಸುದ್ದಿ ಗೊತ್ತಿರಲಿಲ್ಲ. ಮಿಕ್ಕ ಅನ್ನವನ್ನು ಮರುದಿನ ಒಗ್ಗರಣೆ ಹಾಕಿಕೊಂಡು ತಿಂದು, ನನ್ನನ್ನು ನಾನೇ ಬೈದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ.

ಅವರ ಜೊತೆಗೆ ಮನೆಯಿಂದ ಕನ್ನಡವೂ ಹೋಯಿತು. ಹಗಲೆಲ್ಲ ಮರಾಠಿ, ಸಂಜೆ ಸುಮ್ಮನೆ. ಭಾನುವಾರ ಊರಿನಿಂದ ತಂಗಿಯ ಫೋನು ಬರುತ್ತಿತ್ತು. ಅವಳಿಗೋ ಧಾರಾವಾಹಿ ಶುರುವಾಗುವ ಅವಸರ. ‘ಏನವಾ, ಆರಾಮ? ಊಟಾತು? ಫೋನ ಇಡ್ಲಾ?’ ಇಷ್ಟರಲ್ಲಿ ನನ್ನ ವಾರದ ಕನ್ನಡ ಮುಗಿಯುತ್ತಿತ್ತು. ಸ್ವಾರಗೇಟಿನ ಹತ್ತಿರ ಒಂದು ಉಡುಪಿ ಹೋಟೆಲಿದೆ. ಅಲ್ಲಿಯ ಗಲ್ಲಾದವರು ನನ್ನ ಮಾತು ಕೇಳಿದರೆ ‘ಏನು ಕೊಡ್ಲಿ ಅಮ್ಮ?’ ಎನ್ನುತ್ತಾರೆ. ಅಷ್ಟು ಕೇಳಿಸಿಕೊಳ್ಳಲೆಂದು ಹಸಿವಿಲ್ಲದಿದ್ದರೂ ಅಲ್ಲಿಯತನಕ ನಡೆದು ಹೋಗಿ ಇಡ್ಲಿ ತಿಂದು ಬಂದದ್ದಿದೆ. ಲ್ಯಾಬಿನಲ್ಲಿ ಬಾಟಲಿಗಳ ಜೊತೆ ಮಾತಾಡುತ್ತಿದ್ದೆ. ‘ಸರಿಯವಾ ಸ್ವಲ್ಪ, ನೀ ಇಲ್ಲಿ ಯಾಕ ಕುಂತಿ?’ ಎಂದು ಗಂಧಕಾಮ್ಲದ ಬಾಟಲಿಯನ್ನು ಗದರುವುದು. ಯಾರಾದರೂ ಕಂಡಿದ್ದರೆ ಮಾವಶಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಲ್ಯಾಬಿನ ಗೋಡೆಗೆ ಆವರ್ತಕ ಕೋಷ್ಟಕದ ದೊಡ್ಡ ಪಟವಿದೆ. ಜಗತ್ತಿನಲ್ಲಿ ಇರುವ ಮೂಲವಸ್ತುಗಳೆಲ್ಲ ಅದರಲ್ಲಿ ಒಂದೊಂದು ಚೌಕದ ಮನೆ ಹಿಡಿದು ಕೂತಿವೆ. ದಿನಾ ಬೆಳಿಗ್ಗೆ ಅದರ ಧೂಳು ಒರೆಸುವುದು ನನ್ನ ಕೆಲಸ. ಎಡಗಡೆ ಮೇಲಿನ ಮೂಲೆಯಲ್ಲಿ ಜಲಜನಕ ಒಂದೇ. ಬಲಗಡೆಯ ಕೊನೆಯ ಸಾಲಿನಲ್ಲಿ ಹೀಲಿಯಂ, ನಿಯಾನ್, ಆರ್ಗಾನ್. ಇವು ಯಾರ ಜೊತೆಗೂ ಸುಲಭಕ್ಕೆ ಕೂಡುವುದಿಲ್ಲ. ಇವುಗಳ ಪರಮಾಣುವಿನ ಹೊರಸುತ್ತು ತುಂಬಿದೆ, ಆದ್ದರಿಂದ ಇವಕ್ಕೆ ಇನ್ನೊಬ್ಬರು ಬೇಕಾಗಿಲ್ಲ ಎಂದು ಕೆಮಿಸ್ಟ್ರಿ ಕಲಿಸುವ ಮೇಡಂ ಪ್ರತಿವರ್ಷ ಪಾಠ ಮಾಡುತ್ತಾರೆ. ನನಗೆ ಒಂದು ವರ್ಷವೂ ನಂಬಿಕೆ ಬಂದಿಲ್ಲ. ಯಾರೂ ಬೇಡ ಎನ್ನುವವರನ್ನು ನಾನೂ ಕಂಡಿದ್ದೇನೆ, ಅವರ ಮನೆ ತುಂಬಿದ್ದನ್ನು ಕಂಡಿಲ್ಲ.

ಹೋದ ವರ್ಷಕ್ಕೂ ಹಿಂದಿನ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಹನ್ನೆರಡನೆಯ ತರಗತಿಯ ಪ್ರಾಕ್ಟಿಕಲ್ ನಡೆದಿತ್ತು. ನಾನು ಡಿಸ್ಟಿಲ್ಡ್ ವಾಟರಿನ ಬಾಟಲಿ ಹಿಡಿದು ಬೆಂಚುಗಳ ನಡುವೆ ತಿರುಗುತ್ತಿದ್ದೆ. ಕೊನೆಯ ಬೆಂಚಿನ ಸಣಕಲು ಹುಡುಗಿಯೊಬ್ಬಳು ಬ್ಯುರೆಟ್‌ನಿಂದ, ಅಂದರೆ ಗೆರೆ ಎಳೆದ ಉದ್ದ ಗಾಜಿನ ಕೊಳವೆಯಿಂದ, ಹನಿ ಹನಿಯಾಗಿ ಕ್ಷಾರ ಬಿಡುತ್ತ ತುಟಿಯಲ್ಲೇ ಎಣಿಸುತ್ತಿದ್ದಳು. ‘ಒಂದ... ಎರಡ... ಮೂರ... ನಾಕ...’

ನಾನು ಬಾಟಲಿಯನ್ನು ಅವಳ ಬೆಂಚಿಗೇ ಇಟ್ಟುಬಿಟ್ಟೆ.

‘ಯಾ ಊರಾಕಿ ಅದೀಯವಾ ನೀ?’

ಅವಳು ಬೆಚ್ಚಿ ನೋಡಿದಳು. ‘ಶಿರೂರ ರೀ. ಅಂದ್ರ, ನಮ್ಮ ಮೂಲ ಇಂಡಿ ಕಡೆ. ನಿಮಗ ಕನ್ನಡ ಬರ್ತದನ್ರಿ?’

‘ಬರ್ತದನ್ರಿ ಅಂತ ಕೇಳ್ತೀ? ನಾಕ ವರ್ಷದಿಂದ ಬಾಯಾಗ ಇಟಗೊಂಡ ಕುಂತೀನಿ, ಆಡಾಕ ಒಂದ ಮನಶ್ಯಾ ಇಲ್ಲ!’

ಅವಳು ನಕ್ಕಳು. ಅಷ್ಟರಲ್ಲಿ ಹನಿ ಜಾಸ್ತಿ ಬಿದ್ದು ಅವಳ ದ್ರಾವಣ ಕಡುಗುಲಾಬಿಯಾಗಿ ಕೆಟ್ಟಿತು.

ಅವಳ ಅಪ್ಪ ಅವ್ವ ಪುಣೆ ಜಿಲ್ಲೆಯ ಶಿರೂರಿನ ಉಳ್ಳಾಗಡ್ಡಿ ವಖಾರಿಯಲ್ಲಿ, ಅಂದರೆ ಈರುಳ್ಳಿ ಗೋದಾಮಿನಲ್ಲಿ, ಚೀಲ ಹೊಲಿಯುವವರು. ಅವಳು ಕಾಲೇಜಿನ ಹತ್ತಿರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದಳು. ಅಲ್ಲಿ ಕೋಣೆಯ ಉಳಿದ ಹುಡುಗಿಯರು ಇವಳನ್ನು ಮಾತಿಗೆ ಸೇರಿಸಿಕೊಳ್ಳುತ್ತಿರಲಿಲ್ಲವಂತೆ. ಹಾಗಾಗಿ ನಾನು ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುವ ಹೊತ್ತಿಗೇ ಬಂದುಬಿಡುತ್ತಿದ್ದಳು. ನಾನು ಮಾವಶಿಯಿಂದ ಚಿಗವ್ವ ಆದೆ. ಚಹಾ ಎರಡು ಲೋಟ ಆಯಿತು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಪಟದ ಧೂಳು ಒರೆಸುತ್ತ ನಾನು ಒಂದೊಂದು ಚೌಕಕ್ಕೂ ಕನ್ನಡದ ಹೆಸರು ಹೇಳುತ್ತಿದ್ದೆ. ಆಮ್ಲಜನಕ, ಸಾರಜನಕ, ಇಂಗಾಲ, ಗಂಧಕ, ತವರ, ಪಾದರಸ. ‘ಯವ್ವ, ಇಂಗಾಲ ಅಂದ್ರ ನಮ್ಮ ಒಲಿಯಾಗಿನ ಇದ್ಲಿ ಏನ್ರಿ?’ ಎಂದು ಅವಳು, ‘ಮತ್ತೇನ, ಅಮೇರಿಕಾದಿಂದ ಬರ್ತದಂತ ತಿಳಿದಿದ್ಯಾ?’ ಎಂದು ನಾನು. ದೇವರಾಣೆ, ಆ ಐದು ತಿಂಗಳು ನಾನು ಬಾಟಲಿಗಳ ಜೊತೆ ಮಾತಾಡಲಿಲ್ಲ.

ಅಳತೆ ನೋಡುವುದನ್ನೂ ಕಲಿಸಿದೆ. ಗಾಜಿನ ಕೊಳವೆಯಲ್ಲಿ ನೀರಿನ ಮೇಲ್ಮೈ ಸಪಾಟಾಗಿರುವುದಿಲ್ಲ, ನಡುವೆ ತಗ್ಗಿ ಅಂಚಿಗೆ ಏರಿರುತ್ತದೆ. ತಗ್ಗಿನ ತಳವನ್ನೇ ಓದಬೇಕು, ಕಣ್ಣು ಅದರ ಮಟ್ಟಕ್ಕೇ ಬರಬೇಕು. ಮೇಲಿನಿಂದ ಬಗ್ಗಿ ನೋಡಿದರೆ ಒಂದು, ಕೆಳಗಿನಿಂದ ನೋಡಿದರೆ ಇನ್ನೊಂದು. ‘ಕಂಡದ್ದ ಬರಿ. ಬಾಜೂದಾಕಿ ಏನ ಬರದಾಳಂತ ನೋಡಬ್ಯಾಡ’ ಎನ್ನುತ್ತಿದ್ದೆ. ಭಾಳ ದೊಡ್ಡ ಗುರುವಿನ ಹಾಗೆ.

ಇದೇ ನಾನು ಪರೀಕ್ಷೆಯ ದಿನ ಏನು ಮಾಡುತ್ತಿದ್ದೆ ಎಂಬುದನ್ನೂ ಹೇಳಿಬಿಡಬೇಕು. ಪರೀಕ್ಷೆಗೆ ಬೇರೆ ಕಾಲೇಜಿನಿಂದ ಒಬ್ಬ ಸಾಹೇಬರು ಬರುತ್ತಾರೆ. ಹುಡುಗರು ಹತ್ತು ಮಿಲಿಲೀಟರ್ ಆಕ್ಸಾಲಿಕ್ ಆಮ್ಲಕ್ಕೆ ಬ್ಯುರೆಟ್‌ನಿಂದ ಕ್ಷಾರ ಬಿಡಬೇಕು. ಆಮ್ಲವೆಲ್ಲ ಮುಗಿದಾಗ ಮುಂದಿನ ಒಂದೇ ಹನಿಗೆ ಬಣ್ಣವಿಲ್ಲದ್ದು ತೆಳುಗುಲಾಬಿಯಾಗುತ್ತದೆ. ಎಷ್ಟು ಕ್ಷಾರ ಹಿಡಿಯಿತು ಎಂದು ಮೂರು ಸಲ ಮಾಡಿ ಬರೆಯಬೇಕು. ದ್ರಾವಣ ಸರಿಯಾಗಿದ್ದರೆ ಉತ್ತರ ಹತ್ತೇ ಬರುತ್ತದೆ. ಹುಡುಗರು ಗಾಬರಿಯಲ್ಲಿ ಒಂಬತ್ತೋ ಹನ್ನೊಂದೋ ಮಾಡಿಕೊಳ್ಳುತ್ತಾರೆ. ಪಾಪ, ಮಾರ್ಕ್ಸು ಹೋಗುತ್ತದಲ್ಲ ಎಂದು, ನನಗಿಂತ ಮೊದಲಿದ್ದವರು ಮಾಡುತ್ತಿದ್ದಂತೆ ನಾನೂ ಬೆಂಚಿಗೊಮ್ಮೆ ನಿಂತು, ಏನೋ ಒರೆಸುವವಳಂತೆ ಎರಡೂ ಅಂಗೈ ಊರುತ್ತಿದ್ದೆ. ಹತ್ತು ಬೆರಳು. ಅಷ್ಟೇ. ಬಾಯಿ ಬಿಡುವ ಹಾಗಿಲ್ಲ, ಬಿಡುವ ಅಗತ್ಯವೂ ಇಲ್ಲ. ಸಾಹೇಬರು ಆ ಹೊತ್ತಿಗೆ ಕಿಟಕಿಯ ಹೊರಗೆ ನೋಡುತ್ತಿರುತ್ತಿದ್ದರು.

ಫೆಬ್ರವರಿಯಲ್ಲಿ ಪರೀಕ್ಷೆ ಬಂತು. ಹಿಂದಿನ ದಿನ ಬೆಳಿಗ್ಗೆ ನಾನು ಆಮ್ಲ ತೂಗಲು ಕೂತೆ. ಹಳೆಯ ಬಾಟಲಿ ಮುಗಿದಿತ್ತು. ‘ಕಪಾಟಿನ್ಯಾಗ ಹೊಸಾದು ಬಂದದ, ಕೊಡ ಇಲ್ಲಿ’ ಎಂದೆ. ಹುಡುಗಿ ತೆಗೆದು ಕೊಟ್ಟಳು. ನಾನು ನಮ್ಮೂರಿನ ಬಾವಿಯಲ್ಲಿ ಈಜು ಕಲಿತ ಕಥೆಯನ್ನು ಹೇಳುತ್ತಿದ್ದೆ. ಸೊಂಟಕ್ಕೆ ಹಗ್ಗ ಕಟ್ಟಿ ಅಣ್ಣ ನನ್ನನ್ನು ನೂಕಿದ್ದು, ನಾನು ಮುಳುಗಿ ಎದ್ದು ಅವನನ್ನು ಬೈದದ್ದು. ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು. ಲೀಟರಿಗೆ ಆರು ಪಾಯಿಂಟ್ ಮೂರು ಗ್ರಾಂ, ಎರಡು ಲೀಟರಿಗೆ ಹನ್ನೆರಡು ಪಾಯಿಂಟ್ ಆರು. ಕೈ ತನ್ನಷ್ಟಕ್ಕೆ ತಾನೇ ತೂಗಿತು. ಯಾವಾಗಲೂ ಹರಳು ಹರಳಾಗಿರುವುದು ಈ ಸಲ ಹಿಟ್ಟಿನಂತಿತ್ತು. ಹೊಸ ಕಂಪನಿಯವರು ನುಣ್ಣಗೆ ಪುಡಿ ಮಾಡಿದ್ದಾರೆ ಎಂದುಕೊಂಡು ಕಥೆ ಮುಂದುವರಿಸಿದೆ. ಗಾಜಿನ ಕಡ್ಡಿಯಿಂದ ಕರಗಿಸುವಾಗ ಇನ್ನೊಂದು ಮಾತೂ ಹೇಳಿದೆ, ಸ್ವಲ್ಪ ಜಂಬದಿಂದ. ‘ಈ ಕೆಲಸ ಅಂದ್ರ ಹಂಗ ನೋಡವಾ. ಒಂದ ತಪ್ಪಾತು ಅಂದ್ರ ನನ್ನ ಕಾಂಟ್ರ್ಯಾಕ್ಟ್ ಮುಗೀತು.’

ಮರುದಿನ ಇಪ್ಪತ್ತೈದು ಮಂದಿ ಬೆಂಚಿಗೆ ನಿಂತರು. ನಾನು ಒಂದು ಸುತ್ತು ತಿರುಗಿ ಹತ್ತು ಬೆರಳು ತೋರಿಸಿದೆ. ಕೆಲವರು ನನ್ನ ಕೈ ನೋಡಿ, ಬ್ಯುರೆಟ್ ನೋಡಿ, ಮತ್ತೆ ಕೈ ನೋಡಿ ತಲೆ ಕೆರೆದುಕೊಂಡರು. ಹೆದರಿಕೆ ಇರಬೇಕು ಎಂದುಕೊಂಡೆ. ಹುಡುಗಿಯ ಬೆಂಚಿಗೆ ಹೋದಾಗ ಅವಳು ಎರಡನೆಯ ಸಲ ಅಳೆಯುತ್ತಿದ್ದಳು. ಹಾಳೆಯಲ್ಲಿ ಆಗಲೇ ಒಂದು ‘೧೪.೦’ ಇತ್ತು. ನಾನು ಅಂಗೈ ಊರಿದೆ. ಅವಳು ನೋಡಿದಳು. ಕೆಮ್ಮಿ ಇನ್ನೊಮ್ಮೆ ಊರಿದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿ, ಏನೋ ಹೇಳಲು ತುಟಿ ತೆರೆದು, ಮುಚ್ಚಿಕೊಂಡು, ಎರಡನೆಯ ಸಾಲಿನಲ್ಲೂ ಹದಿನಾಲ್ಕು ಬರೆದಳು. ಮೂರನೆಯದರಲ್ಲೂ ಅದೇ. ಸಾಹೇಬರು ಬಂದು ಕೆಂಪು ಪೆನ್ನಿನಿಂದ ಮೂರಕ್ಕೂ ಸೇರಿಸಿ ಒಂದು ಉದ್ದ ಗೆರೆ ಎಳೆದರು.

ನನಗೆ ಸಿಟ್ಟು ನೆತ್ತಿಗೇರಿತು. ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದೆ. ‘ಊರಿಗೆಲ್ಲ ಒಂದ ದಾರಿ ಆದ್ರ ಎಡವಟ್ಟಗೊಂದ ದಾರಿ! ಇಪ್ಪತ್ತನಾಕ ಮಂದಿಗೆ ಹತ್ತ ಬರ್ತದ, ನಿನಗೊಬ್ಬಾಕಿಗೆ ಹದಿನಾಕ? ಕಣ್ಣ ಕೆಟ್ಟಾವೇನ ನಿನಗ? ಐದ ತಿಂಗಳ ಕಲಿಸಿದ್ದು ನೀರಾಗ ಹೋಮ ಆತಲ್ಲ!’

ಅವಳು ತಲೆ ತಗ್ಗಿಸಿದಳು. ‘ತಪ್ಪಾತ್ರಿ ಚಿಗವ್ವ’ ಎಂದಳು. ಅಷ್ಟೇ. ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿದಳು. ಅಂದೇ ಮಧ್ಯಾಹ್ನದ ಬಸ್ಸಿಗೆ ಶಿರೂರಿಗೆ ಹೋಗುವವಳಿದ್ದಳು, ಎಂಟು ದಿನಕ್ಕೆ ಥಿಯರಿ ಪರೀಕ್ಷೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಹೋದ ಅರ್ಧ ಗಂಟೆಗೆ ನಾನು ಗಾಜು ತೊಳೆಯಲು ಒಳಗೆ ಹೋದೆ. ಹುಡುಗರು ಎಂದಿನಂತೆ ಎಲ್ಲ ಹಾಗೇ ಬಿಟ್ಟು ಓಡಿದ್ದರು. ಮೊದಲ ಬೆಂಚಿನ ಬ್ಯುರೆಟ್ ಖಾಲಿ ಮಾಡಲು ಕೈ ಹಾಕಿದವಳು ಗೆರೆ ನೋಡಿದೆ. ಹದಿನಾಲ್ಕು. ಪಕ್ಕದ್ದು ನೋಡಿದೆ. ಹದಿನಾಲ್ಕು. ಮುಂದಿನದು ಹದಿನಾಲ್ಕಕ್ಕೆ ಒಂದು ಕೂದಲು ಕಡಿಮೆ. ಇಪ್ಪತ್ತೈದು ಬ್ಯುರೆಟ್‌ಗಳೂ ಸಾಲಾಗಿ ಹದಿನಾಲ್ಕರ ಆಚೆ ಈಚೆ ನಿಂತಿದ್ದವು. ಎಲ್ಲರೂ ಹದಿನಾಲ್ಕನ್ನೇ ಕಂಡಿದ್ದರು. ನನ್ನ ಹತ್ತು ಬೆರಳು ನೋಡಿ ಹತ್ತು ಬರೆದಿದ್ದರು.

ಸ್ಟೂಲಿನ ಮೇಲೆ ಕೂತೆ. ಆಮೇಲೆ ಎದ್ದು ಹೊಸ ಬಾಟಲಿ ತಂದು ಚೀಟಿ ಓದಿದೆ. ಅನ್‌ಹೈಡ್ರಸ್ ಎಂದು ದಪ್ಪ ಅಕ್ಷರದಲ್ಲೇ ಬರೆದಿದ್ದರು. ಅಂದರೆ ನೀರಿಲ್ಲದ್ದು. ನಾವು ಯಾವಾಗಲೂ ತರಿಸುವ ಆಕ್ಸಾಲಿಕ್ ಹರಳಿನಲ್ಲಿ ಒಂದೊಂದು ಅಣುವಿನ ಜೊತೆಗೂ ನೀರಿನ ಎರಡು ಅಣು ಸೇರಿಕೊಂಡಿರುತ್ತವೆ. ಮುಟ್ಟಿದರೆ ಒಣಗಿಯೇ ಇರುತ್ತದೆ, ಕಣ್ಣಿಗೂ ಕಾಣುವುದಿಲ್ಲ. ಆದರೆ ತೂಕದಲ್ಲಿ ಆ ನೀರಿನ ಪಾಲಿದೆ. ನೂರಾ ಇಪ್ಪತ್ತಾರರಲ್ಲಿ ಮೂವತ್ತಾರು ಅದರದ್ದೇ. ನೀರಿಲ್ಲದ ಪುಡಿಯನ್ನೂ ಅಷ್ಟೇ ತೂಗಿದರೆ ಆಮ್ಲ ಜಾಸ್ತಿಯಾಗುತ್ತದೆ, ಹತ್ತಕ್ಕೆ ಹದಿನಾಲ್ಕು ಕೇಳುತ್ತದೆ. ಹೋದ ನೀರಿನ ತೂಕ ಕಳೆಯದೆ ನನ್ನ ಕೈ ಹಳೆಯ ಅಳತೆಯನ್ನೇ ತೂಗಿತ್ತು. ಕುಕ್ಕರಿನ ಅಕ್ಕಿ ನೆನಪಾಗಿ ಅಲ್ಲೇ ಅತ್ತುಬಿಟ್ಟೆ.

ಆಚೆಯ ಕೋಣೆಯಲ್ಲಿ ಮೇಡಂ ಮತ್ತು ಸಾಹೇಬರು ಹಾಳೆಗಳನ್ನು ಕಟ್ಟು ಕಟ್ಟುತ್ತಿದ್ದರು. ಲಕೋಟೆಗೆ ಅರಗು ಬಿದ್ದರೆ ಮುಗಿಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ನನ್ನ ಹನ್ನೊಂದು ವರ್ಷ ಹಾಗೇ ಉಳಿಯುತ್ತದೆ. ಹೇಳಿದರೆ ಕೆಲಸ ಹೋದರೂ ಹೋಯಿತು. ಈ ಲ್ಯಾಬೂ ಇಲ್ಲವಾದರೆ ಆ ಒಂದೂವರೆ ಕೋಣೆಯಲ್ಲಿ ಹಗಲೂ ನಾನೊಬ್ಬಳೇ. ಸುಳ್ಳು ಯಾಕೆ, ಕೈಯಲ್ಲಿದ್ದ ಫ್ಲಾಸ್ಕನ್ನು ಎರಡು ಸಲ ತೊಳೆದೆ, ಅವರು ಅಷ್ಟರಲ್ಲಿ ಅರಗು ಹಾಕಿಬಿಡಲಿ ಎಂದು. ಆದರೆ ‘ಕಣ್ಣ ಕೆಟ್ಟಾವೇನ’ ಎಂದದ್ದು ಕಿವಿಯಲ್ಲಿ ಕೂತುಬಿಟ್ಟಿತ್ತು. ಮೂರನೆಯ ಸಲ ತೊಳೆಯಲಿಲ್ಲ.

ಹೋಗಿ ಹೇಳಿದೆ. ಬೆರಳಿನ ವಿಷಯವನ್ನೂ ಬಿಡಲಿಲ್ಲ. ಮೇಡಂ ಮುಖ ಕೆಂಪಾಯಿತು. ಸಾಹೇಬರು ಲ್ಯಾಬಿಗೆ ಬಂದು, ತೋಳು ಮಡಿಸಿ, ತಾವೇ ಒಂದು ಸಲ ಅಳೆದರು. ಹದಿನಾಲ್ಕಕ್ಕೆ ಗುಲಾಬಿ ಬಂತು. ಹುಡುಗಿಯ ಹಾಳೆ ಹೊರಗೆ ತೆಗೆದು ತಮ್ಮ ಕೆಂಪು ಗೆರೆಯನ್ನು ಹೊಡೆದುಹಾಕಿ, ಪೂರ್ತಿ ಮಾರ್ಕ್ಸು ಕೊಟ್ಟು, ಪಕ್ಕದಲ್ಲಿ ಸಹಿ ಹಾಕಿದರು. ‘ಉಳಿದವರದು?’ ಎಂದು ಮೇಡಂ ಕೇಳಿದರು. ‘ಹತ್ತು ಬರೆದವರ ಮಾರ್ಕ್ಸು ಕಡಿಯುತ್ತ ಹೋದರೆ, ನಾನು ಹುಡುಗನಾಗಿದ್ದಾಗ ತಗೊಂಡ ಮಾರ್ಕ್ಸಿನಿಂದಲೇ ಶುರು ಮಾಡಬೇಕಾಗುತ್ತದೆ’ ಎಂದು ಸಾಹೇಬರು ಮರಾಠಿಯಲ್ಲಿ ಹೇಳಿ ಚಹಾ ಕೇಳಿದರು. ನಾನು ಚಹಾ ತಂದಿಟ್ಟೆ. ಮೇಡಂ ಕೈ ಚಾಚಿದರು. ಸೊಂಟದಿಂದ ತಕ್ಕಡಿ ಕೋಣೆಯ ಕೀಲಿ ಬಿಚ್ಚಿ ಕೊಟ್ಟೆ. ಕೆಲಸದಿಂದ ತೆಗೆಯಲಿಲ್ಲ, ಅದು ಅವರ ದೊಡ್ಡತನ. ಆದರೆ ಅಂದಿನಿಂದ ನಾನು ಬರೀ ತೊಳೆಯುವವಳು.

ಮಾರ್ಕ್ಸು ಸರಿಹೋಯಿತು, ಹುಡುಗಿಗೆ ಹೇಳುವವರು ಯಾರು? ಅವಳ ನಂಬರು ನನ್ನ ಹತ್ತಿರ ಇರಲಿಲ್ಲ. ದಿನಾ ಬೆಳಿಗ್ಗೆ ಎದುರಿಗೇ ಬರುವವಳ ನಂಬರು ಯಾಕೆ ಕೇಳಲಿ? ತನ್ನ ಕಣ್ಣೇ ಸುಳ್ಳು ಎಂದು ನಂಬಿಕೊಂಡು ಅವಳು ಥಿಯರಿ ಪರೀಕ್ಷೆಗೆ ಕೂರುವುದನ್ನು ನೆನೆದರೆ ಮನೆಯಲ್ಲಿ ಕೂರಲಾಗಲಿಲ್ಲ. ಭಾನುವಾರ ತಂಗಿಯ ಫೋನು ಬರುವ ಮೊದಲೇ ಮನೆ ಬಿಟ್ಟು ಶಿರೂರಿನ ಬಸ್ಸು ಹತ್ತಿದೆ.

ವಖಾರಿ ಹುಡುಕುವುದು ಕಷ್ಟವಾಗಲಿಲ್ಲ, ಉಳ್ಳಾಗಡ್ಡಿ ವಾಸನೆ ಹಿಡಿದು ಹೋದರಾಯಿತು. ಚೀಲದ ರಾಶಿಯ ನಡುವೆ ಅವಳೂ ಅವ್ವನ ಪಕ್ಕ ಕೂತು ದಬ್ಬಣದಿಂದ ಬಾಯಿ ಹೊಲಿಯುತ್ತಿದ್ದಳು. ತೊಡೆಯ ಮೇಲೆ ಪುಸ್ತಕ ತೆರೆದಿತ್ತು. ನನ್ನನ್ನು ನೋಡಿ ಎದ್ದು ನಿಂತಳು.

‘ನಿನ್ನ ಕಣ್ಣ ಕೆಟ್ಟಿಲ್ಲವಾ’ ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು. ‘ಹದಿನಾಕ ಖರೇ ಇತ್ತು. ತಪ್ಪ ನಂದು.’

‘ಗೊತ್ತದ ರೀ ಚಿಗವ್ವ.’

‘ಏನ ಗೊತ್ತದ?’

‘ಬಾಟ್ಲಿ ನಾನ ತಗದ ಕೊಟ್ಟಿದ್ನಲ್ರಿ. ಮೊದಲನೇದು ಹದಿನಾಕ ಬಂದಾಗ ಅದರ ಚೀಟಿ ನೆನಪಾತು.’

‘ಮತ್ತ ಸಾಹೇಬರ ಮುಂದ ಒಂದ ಮಾತ ಯಾಕ ಹೇಳಲಿಲ್ಲ, ಹುಚ್ಚಿ?’

‘ಹೇಳಿದ್ರ ನಿಮ್ಮನ್ನ ತಗೀತಾರ. ನೀವ ಅಂದಿದ್ರಿ, ಒಂದ ತಪ್ಪಾದ್ರ ಮುಗೀತು ಅಂತ.’

‘ಹಂಗಾರ ಹತ್ತ ಬರದ ಕೈ ತೊಳಕೋಬೇಕಿತ್ತು! ಮಾರ್ಕ್ಸರ ಬರ್ತಿದ್ವು.’

ಅವಳು ದಬ್ಬಣವನ್ನು ಚೀಲಕ್ಕೆ ಚುಚ್ಚಿ ನಿಲ್ಲಿಸಿದಳು. ‘ಕಂಡದ್ದ ಬರಿ ಅಂತ ಹೇಳಿದಾಕಿ ನೀವ ಅಲ್ಲೇನ್ರಿ?’

ನಾನು ಅವಳ ಪಕ್ಕದ ಚೀಲದ ಮೇಲೆ ಕೂತೆ. ಅವಳ ಅವ್ವ ಏನೂ ತಿಳಿಯದೆ ನೀರು ತಂದುಕೊಟ್ಟಳು. ಮಾರ್ಕ್ಸು ಪೂರ್ತಿ ಬಂದಿದೆ ಎಂದು ಹೇಳಿದೆ. ಕೀಲಿ ಹೋದದ್ದನ್ನು ಹೇಳಲಿಲ್ಲ. ಅಂದು ಮಧ್ಯಾಹ್ನ ಅವರ ಮನೆಯಲ್ಲೇ ರೊಟ್ಟಿ ತಿಂದು, ಸಂಜೆಯ ಬಸ್ಸಿಗೆ ವಾಪಸು ಬಂದೆ.

ಅವಳು ಪಾಸಾಗಿ ನರ್ಸಿಂಗ್ ಓದಲು ಬೇರೆ ಊರಿಗೆ ಹೋದಳು. ಮೊದಮೊದಲು ಫೋನು ಮಾಡುತ್ತಿದ್ದಳು. ಈಗ ಅವಳಿಗೂ ಪುರುಸೊತ್ತಿಲ್ಲ, ಇರಬಾರದು ಕೂಡ. ನಾನು ಮತ್ತೆ ಬಾಟಲಿಗಳ ಜೊತೆ ಮಾತಾಡುತ್ತೇನೆ. ಮೊನ್ನೆ ಈ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು ಬೆಂಚುಗಳ ನಡುವೆ ತಿರುಗಿದೆ. ಹಿಂದಿನ ವರ್ಷದವರು ಹೇಳಿಕೊಟ್ಟಿರುತ್ತಾರಲ್ಲ, ಮಕ್ಕಳೆಲ್ಲ ನನ್ನ ಕೈಯನ್ನೇ ಹುಡುಕುತ್ತಿದ್ದರು. ‘ಕಂಡದ್ದ ಬರೀರಿ’ ಎಂದೆ, ಕನ್ನಡದಲ್ಲೇ. ಒಬ್ಬರಿಗೂ ಅರ್ಥವಾಗಲಿಲ್ಲ.